ಒಂದೇ ಅಭಿಪ್ರಾಯದಲ್ಲಿ ಆರು ಮಂದಿ

“ಇದರಾಗ ಎಷ್ಟ ಮಂದಿ ಅದಾರೋ ಜಾವೇದ?”

ಆ್ಯಪಿನಲ್ಲಿ ಹೆಡ್‌ಫೋನಿನ ಬಗ್ಗೆ ಅವನು ಬರೆದ ಅಭಿಪ್ರಾಯ ತೆರೆದು, ಮೊಬೈಲನ್ನು ಅವನ ಮೂಗಿಗೆ ಹಿಡಿದು ಕೇಳಿದೆ. ಅವನು ಚಾರ್ಜರಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಗಲ್ಲೆಯ ಹಿಂದೆ ನಿಂತೇ ಇದ್ದ.

“ಬಾಯಾಗ ಕಡಬ ಇಟಗೊಂಡಿಯೇನ?”

“ಹಂಗಲ್ರೀ ಅಕ್ಕಾರ. ಪೊಲೀಸ್ರಿಗೂ ಇದನ್ನ ಹೇಳೀನಿ. ಅವ್ರು ನಂಬಲಿಲ್ಲ.”

“ನಾ ಪೊಲೀಸ್ ಅಲ್ಲ. ನಿಮ್ಮ ಸಾದಿಕನ ವಕೀಲ. ನನಗ ಹೇಳು.”

ಉಗಾರ ಖುರ್ದದ ಬಸ್ ನಿಲ್ದಾಣದ ಎದುರು ಅವನದು ಎಂಟಡಿ ಅಗಲದ ಮೊಬೈಲ್ ಅಂಗಡಿ. ಮಧ್ಯಾಹ್ನ ಹನ್ನೆರಡರ ಬಿಸಿಲು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಕಾರ್ಖಾನೆಯ ಕಡೆಗೆ ಸಾಲು ಹಚ್ಚಿದ್ದವು. ಒಂದು ವರ್ಷದ ಹಿಂದಾಗಿದ್ದರೆ ಆ ಸಾಲಿನ ಹಾಡಿನ ಗದ್ದಲಕ್ಕೆ ನಾವಿಬ್ಬರೂ ಕಿರುಚಿಕೊಂಡು ಮಾತಾಡಬೇಕಾಗುತ್ತಿತ್ತು. ಈಗ ಬರೀ ಇಂಜಿನ್ನಿನ ಸಪ್ಪಳ. ಆ ಹಾಡು ನಿಲ್ಲಿಸಿದವಳು ಪ್ರಾಜಕ್ತಾ. ಅವಳು ಸತ್ತು ಅಂದಿಗೆ ಒಂಬತ್ತು ದಿನ.

ಶಿರಗುಪ್ಪಿ ರಸ್ತೆಯಲ್ಲಿ, ಬೆಳಿಗ್ಗೆ ಆರೂವರೆಯ ಮಂಜಿನಲ್ಲಿ, ಸಾದಿಕನ ಟ್ರೇಲರಿನ ಗಾಲಿ ಅವಳ ಸೊಂಟದ ಮೇಲೆ ಹಾಯ್ದಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ತಲೆಯ ಮೇಲೆ ಹೆಡ್‌ಫೋನ್ ಇತ್ತು. ಕಿವಿ ಪೂರ್ತಿ ಮುಚ್ಚುವಂಥದ್ದು, ಕಪ್ಪು, ಸಾವಿರ ರೂಪಾಯಿಯ ಒಳಗಿನದು.

ಮೊದಲ ದಿನ ಊರೆಲ್ಲ ಒಂದೇ ಮಾತು ಆಡಿತು. ಹಾಡು ಕೇಳುತ್ತ ನಡೆದಳು, ಹಾರ್ನು ಕೇಳಿಸಲಿಲ್ಲ, ಹೋದಳು. ಪೊಲೀಸರೂ ಅಪಘಾತವೆಂದೇ ಬರೆದುಕೊಂಡರು. ಶವಪರೀಕ್ಷೆ ಮಾಡಿಸಿ, ಸಂಜೆಯೊಳಗೆ ಅಂತ್ಯಕ್ರಿಯೆಯೂ ಮುಗಿಯಿತು.

ಎರಡನೆಯ ದಿನ ಅವಳ ತಾಯಿ ಕಾಳವ್ವ ಒಂದು ಡಬ್ಬಿ ತಂದು ಠಾಣೆಯ ಮೇಜಿನ ಮೇಲೆ ಇಟ್ಟಳು. ಒಳಗೆ ಅಂಥದ್ದೇ ಹೆಡ್‌ಫೋನ್. ಬಲಗಿವಿ ಕೆಟ್ಟದ್ದಕ್ಕೆ ವಾಪಸ್ ಕಳಿಸಲೆಂದು ಮಗಳೇ ಟೇಪು ಹಚ್ಚಿ ಇಟ್ಟದ್ದು.

“ನನ್ನ ಮಗಳದು ಇದು. ಆಕಿ ತಲೀಮ್ಯಾಲ ಇದ್ದದ್ದು ಯಾರದು?” ಎಂದು ಕಾಳವ್ವ ಕೇಳಿದಳು.

ಆ ಒಂದು ಪ್ರಶ್ನೆಗೆ ಅಪಘಾತದ ಕೇಸು ಕೊಲೆ ಕೇಸಾಯಿತು. ಪ್ರಾಜಕ್ತಾ ಪಂಚಾಯತಿಗೆ ಅರ್ಜಿ ಕೊಟ್ಟು ಟ್ರ್ಯಾಕ್ಟರುಗಳ ಸೌಂಡ್ ಬಾಕ್ಸ್ ತೆಗೆಸಿದ್ದಳು, ಸಾದಿಕ ಆ ಸಿಟ್ಟಿಗೆ ಬೇಕಂತಲೇ ಹಾಯಿಸಿದ, ತಪ್ಪು ಅವಳದೇ ಅನ್ನಿಸಲು ಸತ್ತವಳ ತಲೆಗೆ ಹೆಡ್‌ಫೋನ್ ಸಿಕ್ಕಿಸಿ ಓಡಿಹೋದ. ಇದು ಪೊಲೀಸರ ಲೆಕ್ಕ. ಅದರಲ್ಲಿ ಒಂದೇ ತೂತು. ಸಾದಿಕನ ಹೆಡ್‌ಫೋನ್ ಅವನ ಟ್ರ್ಯಾಕ್ಟರಿನಲ್ಲೇ ಸಿಕ್ಕಿತ್ತು. ಹಾಗಾದರೆ ಹೆಣದ ಮೇಲಿನದು ಯಾರದು?

ಅವನ ಜಾಮೀನು ಅರ್ಜಿ ನಾಡಿದ್ದು ಚಿಕ್ಕೋಡಿ ಕೋರ್ಟಿನಲ್ಲಿ. ಶವಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ಇಪ್ಪತ್ತಾರು ವರ್ಷದ ಸಾದಿಕ ನನ್ನ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. “ಮಂಜಿನ್ಯಾಗ ಕಾಣಲಿಲ್ರಿ” ಅನ್ನುತ್ತಿದ್ದ, ಅಷ್ಟೇ. ಹೆಡ್‌ಫೋನಿನ ಮಾತೆತ್ತಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಹದಿನಾರು ವರ್ಷ ವಕೀಲಿ ಮಾಡಿದ್ದೇನೆ, ಸುಳ್ಳು ಹೇಳುವ ಕಕ್ಷಿದಾರರನ್ನು ಸಂಭಾಳಿಸಬಲ್ಲೆ. ಮೂಕರನ್ನು ಸಂಭಾಳಿಸುವುದು ನನ್ನಿಂದಾಗದು. ಅದಕ್ಕೇ ಅಂಗಡಿ ಹುಡುಕಿಕೊಂಡು ಬಂದಿದ್ದೆ.

“ಆರ ಮಂದ್ರಿ,” ಎಂದ ಜಾವೇದ ಕೊನೆಗೆ.

ಈ ಕಡೆಯ ರೀತಿಯೇ ಹಾಗೆ. ಪಾರ್ಸೆಲಿನವರು ತೋಟದ ಮನೆಗಳ ತನಕ ಹೋಗುವುದಿಲ್ಲ. ಹೀಗಾಗಿ ಯಾರಿಗೆ ಏನು ಬೇಕಾದರೂ ಜಾವೇದನ ಹೆಸರಿನಲ್ಲಿ, ಜಾವೇದನ ಅಂಗಡಿಯ ವಿಳಾಸಕ್ಕೆ ತರಿಸುತ್ತಾರೆ. ಸಾಮಾನು ಕೆಟ್ಟರೆ ಅವನ ಅಂಗಡಿಗೇ ಬಂದು ಬೈಯುತ್ತಾರೆ. “ಬರೀ, ಕಂಪನಿಯವಗ ಗೊತ್ತಾಗ್ಲಿ” ಎಂದು ಕೂತು ಬರೆಸುತ್ತಾರೆ. ಆದರೆ ಆ ಆ್ಯಪಿನಲ್ಲಿ ಒಂದು ಸಾಮಾನಿಗೆ ಒಂದು ಹೆಸರಿನಿಂದ ಒಂದೇ ಅಭಿಪ್ರಾಯಕ್ಕೆ ಅವಕಾಶ. ಜಾವೇದ ಏನು ಮಾಡುತ್ತಾನೆ? ಮೊದಲಿನದನ್ನು ಅಳಿಸದೆ ಅದರ ಕೆಳಗೇ ಮುಂದಿನವರದನ್ನು ಸೇರಿಸುತ್ತ ಹೋಗುತ್ತಾನೆ.

ಆ ಅಭಿಪ್ರಾಯ ಹೀಗಿತ್ತು. ಇದ್ದದ್ದು ಇದ್ದ ಹಾಗೆ ಇಳಿಸುತ್ತೇನೆ.

“ಬಾಸ್ ಭಾರೀ ಐತಿ. ಟ್ರ್ಯಾಕ್ಟರ್ ಸಪ್ಪಳಾನೂ ಕೇಳಸಂಗಿಲ್ಲ. ಒಂದ ನಂಬರ್.

ಹಾಡ ಕೇಳಾಕ ತಗೊಂಡಿಲ್ಲ. ಮಿಲ್ಲಿನ ಸಪ್ಪಳಕ್ಕ ಕಿವಿ ಮುಚ್ಚಾಕ ತಗೊಂಡೀನಿ. ಹದಿನೈದ ದಿನಕ್ಕ ಗಾದಿ ಸುಲದ ಬಂತು.

ದ್ರಾಕ್ಷಿಗೆ ಔಷಧ ಹೊಡಿಯೂಮುಂದ ಹಾಕ್ಕೋಬ್ಯಾಡ್ರಿ. ತೊಯ್ದರ ಒಳಗ ಗರ್ರ್ ಅಂತೈತಿ. ರೊಕ್ಕದ ಮಟ್ಟಿಗೆ ಛಲೋ ಐತಿ.

ಬಲಗಿವಿ ಬಂದ್ ಬಿದ್ದೈತಿ. ಅಭ್ಯಾಸಕ್ಕಂತ ತಗೊಂಡಿದ್ದೆ. ವಾಪಸ್ ತಗೋರಿ, ಇಲ್ಲಾಂದ್ರ ಗ್ರಾಹಕರ ಕೋರ್ಟಿಗೆ ಹೋಗ್ತೀನಿ.

ಗಾಡ್ಯಾಗಿನ ಬಾಕ್ಸ್ ತಗಿಸ್ಯಾರಂತ ತಗೊಂಡೀನಿ. ಬ್ಯಾಟರಿ ಎರಡ ಟ್ರಿಪ್ಪಿಗೆ ಸಾಲತೈತಿ.

ಕಿವಿ ಬಿಸಿ ಆಗತಾವ. ಸೆರಗಿನ ಮ್ಯಾಲ ಹಾಕ್ಕೊಂಡ್ರ ಜಾರತೈತಿ. ನಾ ಗಾದಿಗೆ ಅರಿವಿ ಹೊಲದೀನಿ, ಈಗ ಛಲೋ ಐತಿ. ಮಾಡಿದವರ ಹೊಟ್ಟಿ ತಣ್ಣಗಿರಲಿ.”

ಕೆಳಗೆ ಜಾವೇದನ ಹೆಸರು, ಮೂರು ಸ್ಟಾರ್. ಐದಕ್ಕೂ ಒಂದಕ್ಕೂ ಜಗಳ ಬೇಡವೆಂದು ಅವನೇ ಮಾಡಿದ ರಾಜಿ.

ತನಿಖೆ ಮಾಡುವ ಸಾಹೇಬರು ಇದನ್ನು ಓದಿ ಜಾವೇದನನ್ನು ಹುಚ್ಚನೆಂದು ಬೈದು ಕಳಿಸಿದ್ದರಂತೆ. ಒಬ್ಬನೇ ಮನುಷ್ಯ ಒಂದು ಸಾಲಿನಲ್ಲಿ ಹೊಗಳುತ್ತಾನೆ, ಮುಂದಿನ ಸಾಲಿನಲ್ಲಿ ಕೋರ್ಟಿಗೆ ಹೋಗುತ್ತೇನೆ ಅನ್ನುತ್ತಾನೆ, ಅದರ ಕೆಳಗೆ ಸೆರಗು ಹೊದ್ದುಕೊಳ್ಳುತ್ತಾನೆ. ಅವರಿಗೆ ತಲೆ ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಮಾತ್ರ ಇದನ್ನು ಓದಿದಾಗಿನಿಂದ ನಿದ್ದೆ ಹತ್ತಿರಲಿಲ್ಲ.

ನಾಲ್ಕನೆಯದು ಪ್ರಾಜಕ್ತಾಳದು, ಕೇಳಬೇಕಾಗಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಹೆಡ್‌ಫೋನಿನ ಕಂಪನಿಯವನಿಗೂ ಕೋರ್ಟು ತೋರಿಸುತ್ತೇನೆ ಅನ್ನುವ ಗಂಡೆದೆ. ಬದುಕಿದ್ದರೆ ನನ್ನ ಜೂನಿಯರ್ ಆಗಿ ಸೇರಿಸಿಕೊಳ್ಳುತ್ತಿದ್ದೆ. ಅವಳನ್ನು ಕೊಂದ ಆರೋಪ ಹೊತ್ತವನ ಪರವಾಗಿ ನಿಂತು ಹೀಗೆ ಅನ್ನಿಸುವುದು ಸಂಕಟದ ಕೆಲಸ.

ಮೊದಲ ಮೂವರನ್ನು ಜಾವೇದ ಹೆಸರು ಹಿಡಿದು ಹೇಳಿದ. ಬೆಳಗಿನಿಂದ ನಾನೂ ಅದನ್ನೇ ಊಹಿಸಿ ತಿರುಗಿದ್ದೆ. ಟ್ರ್ಯಾಕ್ಟರ್ ಓಡಿಸುವ ಸಂಗ್ರಾಮನದು ಅವನ ಕೊರಳಲ್ಲೇ ನೇತಾಡುತ್ತಿತ್ತು. ಅಪಘಾತವಾಯಿತೆಂದು ಊರಿಗೆಲ್ಲ ಕೂಗಿ ಹೇಳಿದವನೂ ಅವನೇ, ಆದ್ದರಿಂದ ಎರಡು ಸಲ ನೋಡಿದೆ. ಮಿಲ್ಲಿನಲ್ಲಿ ಫಿಟ್ಟರ್ ಆಗಿರುವ ಹುಸೇನಮಿಯಾನದು ಕಿವಿಯ ಮೆತ್ತನೆ ಗಾದಿ ಕಿತ್ತು ಬರೀ ಪ್ಲಾಸ್ಟಿಕ್ ಉಳಿದಿತ್ತು. ದ್ರಾಕ್ಷಿ ತೋಟದ ತವನಪ್ಪನದು ಔಷಧ ಬಿದ್ದು ನೀಲಿ ಹಿಡಿದಿತ್ತು. ಐದನೆಯದು ಸಾದಿಕನದು, ಪೊಲೀಸರ ಕೈಯಲ್ಲಿದೆ.

“ಆರನೇದು?”

ವೈರು ಮತ್ತೆ ಬೆರಳಿಗೆ ಸುತ್ತಿಕೊಂಡಿತು.

“ಜಾವೇದ, ಹೆಣದ ಮ್ಯಾಲ ಇದ್ದದ್ದು ಆ ಆರನೇದು. ಯಾರಿಗೆ ಕೊಟ್ಟಿ?”

“ನಾ ಕೊಟ್ಟದ್ದು ಸಾದಿಕನ ಕೈಯಾಗ್ರಿ. ಅಂವ ಎರಡ ಒಯ್ದಾನ.”

ಪೊಲೀಸರಿಗೆ ಬೇಕಾಗಿದ್ದ ಕೊನೆಯ ಕೊಂಡಿ ಇದೇ. ಅವರು ಹುಚ್ಚನೆಂದು ಬೈದು ಕಳಿಸಿದ ಮನುಷ್ಯನ ನಾಲಿಗೆಯ ತುದಿಯಲ್ಲೇ ಅದು ಕೂತಿತ್ತು. ಇವನನ್ನು ಒಳಗೆಳೆದು ಅಂಗಡಿಯ ಶಟರ್ ಹಾಕಿ ಬಿಡೋಣ ಅನ್ನಿಸಿತು.

“ಪೊಲೀಸ್ರಿಗೆ ಹೇಳಿಯೇನ?”

“ಕೇಳಿಲ್ರಿ ಅವ್ರು.”

“ಕೇಳಿದ್ರ ಸುಳ್ಳ ಹೇಳಬ್ಯಾಡ. ಆದ್ರ ಅದಕ್ಕಿಂತ ಮೊದಲ ನನಗ ಪೂರಾ ಹೇಳು. ಸೆರಗ ಹೊತ್ತಾಕಿ ಯಾರು?”

ನಾನು ಬ್ಯಾಗಿನಿಂದ ಪಂಚನಾಮೆಯ ಫೋಟೋ ತೆಗೆದೆ. ಹೆಣದ ತಲೆಯಿಂದ ಕಳಚಿ ಬಿಳಿ ಬಟ್ಟೆಯ ಮೇಲಿಟ್ಟ ಹೆಡ್‌ಫೋನಿನ ಚಿತ್ರ. ಎಂಟು ದಿನದಿಂದ ಅದನ್ನು ನೂರು ಸಲ ನೋಡಿದ್ದೇನೆ. ಗಾದಿಯ ಅಂಚಿನ ಗುಂಟ ಸಣ್ಣ ಸಣ್ಣ ಚುಕ್ಕೆಗಳಿದ್ದವು, ಒಂದು ಕಡೆ ಬಿಳಿ ದಾರದ ಎಳೆ. ಕಂಪನಿಯ ಹೊಲಿಗೆಯೆಂದು ನಾನೂ ಬಿಟ್ಟಿದ್ದೆ, ಪೊಲೀಸರೂ ಬಿಟ್ಟಿದ್ದರು.

“ಇಂಥಾದ ಹೊಸಾದ ಒಂದ ತೋರಸು.”

ಜಾವೇದ ಡಬ್ಬಿ ಒಡೆದು ಕೊಟ್ಟ. ಗಾದಿಯ ಸುತ್ತ ಉಗುರು ಆಡಿಸಿ ನೋಡಿದೆ. ಎಲ್ಲೂ ಹೊಲಿಗೆಯಿಲ್ಲ. ಅಂಟು ಹಚ್ಚಿ ಕೂಡಿಸಿದ್ದರು.

ಫೋಟೋದಲ್ಲಿನ ಚುಕ್ಕೆಗಳು ಸೂಜಿಯ ತೂತುಗಳು. ಯಾರೋ ಗಾದಿಗೆ ಬಟ್ಟೆ ಹೊಲಿದಿದ್ದರು, ಆಮೇಲೆ ಯಾರೋ ಅದನ್ನು ಕಿತ್ತಿದ್ದರು.

“ಹೇಳೋ,” ಎಂದೆ. ಈ ಸಲ ದನಿ ತಗ್ಗಿಸಿದ್ದೆ.

ಜಾವೇದನ ಕಣ್ಣು ತುಂಬಿದವು. “ನನ್ನ ಬಾಯಿಂದ ಹೇಳಸಬ್ಯಾಡ್ರಿ ಅಕ್ಕಾರ. ನಮ್ಮ ಅಮ್ಮಿ ಸತ್ತಾಗ ಕಡೀ ನೀರ ಹಾಕಿದಾಕಿ ಆಕಿ. ಮನೀಯವ್ರ ಸೈತ ಮುಟ್ಟಾಕ ಅಂಜಿದ್ರು, ಆಕಿ ಅಂಜಲಿಲ್ಲ.”

ಹೆಸರು ಬೇಕಾಗಲಿಲ್ಲ. ಶಿರಗುಪ್ಪಿ ಕಡೆಯ ಮುಸ್ಲಿಂ ಮನೆಗಳಲ್ಲಿ ಹೆಂಗಸರು ಸತ್ತರೆ ಕಡೆಯ ಸ್ನಾನ ಮಾಡಿಸುವವಳು ಒಬ್ಬಳೇ. ನನಗೆ ವಕಾಲತ್ತು ಕೊಟ್ಟವಳೂ ಅವಳೇ. ಸಾದಿಕನ ತಾಯಿ ಸಕೀನಾಬಿ.

ಸ್ಕೂಟಿ ಹತ್ತಿ ಶಿರಗುಪ್ಪಿಯ ದಾರಿ ಹಿಡಿದೆ. ಇಡೀ ದಾರಿ ನನ್ನನ್ನು ನಾನೇ ಬೈದುಕೊಂಡೆ. ಎಂಟು ದಿನ ಊರೂರು ತಿರುಗಿದ್ದೇನೆ, ಅವಳ ಮನೆಯಲ್ಲೇ ನಾಲ್ಕು ಸಲ ಚಹಾ ಕುಡಿದಿದ್ದೇನೆ. ಒಮ್ಮೆಯೂ ಅವಳ ಕೈಯಲ್ಲಿನ ಹೊಲಿಗೆ ನೋಡಿರಲಿಲ್ಲ.

ಊರ ಹೊರಗೆ ಪ್ರಾಜಕ್ತಾಳ ಮನೆ ರಸ್ತೆಗೇ ಹತ್ತಿಕೊಂಡಿದೆ. ಕಾಳವ್ವ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಗಂಡ ಬಾಬಾಸಾಹೇಬ ಯಾರಿಗೋ ಫೋನಿನಲ್ಲಿ ಕಬ್ಬು ಕಡಿಯುವವರ ಬಗ್ಗೆ ಹೇಳುತ್ತಿದ್ದ. ಮಗಳು ಸತ್ತರೂ ಕಬ್ಬು ಕಾಯುವುದಿಲ್ಲ. ಕಾಳವ್ವ ನನ್ನನ್ನು ಗುರುತು ಹಿಡಿದಳು. ಬೈಯಲಿಲ್ಲ, ಉಗುಳಲಿಲ್ಲ. ನೋಡಿದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿ ಮುಂದೆ ಹೋದೆ.

ಅಲ್ಲಿಂದ ಸಕೀನಾಬಿಯ ಮನೆ ಇನ್ನೂರು ಹೆಜ್ಜೆ. ನಡುವೆ ಆ ಜಾಗ. ರಸ್ತೆಯ ಮೇಲೆ ಬಿದ್ದ ಕಬ್ಬಿನ ಒಣ ಎಲೆಯ ರವದಿ ಗಾಲಿಗಳಿಗೆ ಸಿಕ್ಕು ಪುಡಿಯಾಗಿತ್ತು.

ಸಕೀನಾಬಿ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ಊರ ಮಂದಿಯ ಹಳೆಯ ಸೀರೆಗಳನ್ನು ಪದರು ಹಾಕಿ ಕೌದಿ ಮಾಡಿಕೊಡುವುದು ಅವಳ ಹೊಟ್ಟೆಪಾಡು. ವಯಸ್ಸು ಅರವತ್ತರ ಮೇಲೆ. ತಲೆಯ ಮೇಲಿನ ಸೆರಗು ಎಂದೂ ಜಾರಿದ್ದಿಲ್ಲ.

“ಬರ್ರಿ ಬಾಯಾರ. ಬಿಸಲಾಗ ಬಂದೀರಿ. ಚಾ ಇಡತೀನಿ.”

“ಚಾ ಬ್ಯಾಡ ಖಾಲಾ. ಕುಂದರ್ರಿ.”

ನನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ. ಫೋಟೋವನ್ನು ಅವಳ ಮಡಿಲಲ್ಲಿದ್ದ ಕೌದಿಯ ಮೇಲೆ ಇಟ್ಟೆ. ಕೌದಿಯ ಹೊಲಿಗೆ, ಫೋಟೋದಲ್ಲಿನ ತೂತು. ಅದೇ ಅಂತರ, ಅದೇ ಬಿಳಿ ದಾರ.

“ನೋಡ್ರಿ. ಯಾರ ಕೈ ಇದು?”

ಅವಳು ನೋಡಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಊರಾಗ ಎಲ್ಲಾರೂ ಹಿಂಗ ಹೊಲಿತಾರ್ರಿ.”

“ಹಂಗಾರ ನಿಮ್ಮ ಹೆಡ್‌ಫೋನ್ ತರ್ರಿ. ಸಾದಿಕ ತಂದ ಕೊಟ್ಟದ್ದು.”

“ಅದ ಕೆಟ್ಟಿತು. ಒಗದ ಬಿಟ್ಟೆ.”

“ಯಾವಾಗ ಒಗದ್ರಿ? ಎಲ್ಲಿ ಒಗದ್ರಿ? ಖಾಲಾ, ನಾ ನಿಮ್ಮ ಕಡೀ ವಕೀಲ. ನನಗ ಸುಳ್ಳ ಹೇಳಿದ್ರ ನಿಮ್ಮ ಮಗನ ನಾ ಬಿಡಿಸೂದು ಹೆಂಗ?”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮಾತು ತೆಗೆದಳು.

“ಮಿರಜದಾಗಿನ ನನ್ನ ಮಗಳು ರುಕ್ಸಾರ ಫೋನಿನ್ಯಾಗ ಮಾತಾಡಿ ಕಳಸತಾಳ್ರಿ. ಒಂದ ಖೋಲಿ ಮನಿ. ಸಾದಿಕ ಹಗಲಿ ಮಲಗಾಂವ. ಅಂವಗ ನಿದ್ದಿ ಕೆಡಬಾರದಂತ ನಾ ದನಿ ಸಣ್ಣದ ಇಟ್ಟ ಕೇಳತಿದ್ದೆ, ಏನೂ ತಿಳೀತಿರಲಿಲ್ಲ. ಅದಕ್ಕ ತಂದ ಕೊಟ್ಟ.”

“ಆ ದಿನ?”

“ಮುಂಜಾನಿ ನಮಾಜ್ ಮುಗಿಸಿ ಅದನ್ನ ಹಾಕ್ಕೊಂಡ ಹೊಲಿತಾ ಕುಂತಿದ್ದೆ. ಸಾದಿಕ ಓಡಿ ಬಂದ. ಅಮ್ಮೀ, ಯಾರೋ ಗಾಲಿ ಬುಡಕ ಬಂದ್ರು ಅಂದ. ನಿಮ್ಮ ಕಾಕಾನ ಮನೀಗೆ ಹೋಗು, ಇಲ್ಲಿ ಇರಬ್ಯಾಡ, ಮಂದಿ ಹೊಡದ ಹಾಕತಾರ ಅಂದೆ.”

“ಓಡ್ಸಿದವರೂ ನೀವ ಹಂಗಾರ!”

“ನಾನ್ರಿ. ಆಮ್ಯಾಲ ಒಬ್ಬಾಕೀನ ಹೋಗಿ ನೋಡಿದೆ. ಅದ ಇನ್ನೂ ನನ್ನ ಕೊಳ್ಳಾಗ ಇತ್ತು.”

ಮಂಜಿನಲ್ಲಿ ಪ್ರಾಜಕ್ತಾ ಬಿದ್ದಿದ್ದಳು. ಸಕೀನಾಬಿಗೆ ಗುರುತು ಹತ್ತಿತು. ಆ ಹುಡುಗಿಯ ಬಳಿಯೂ ಅಂಥದ್ದೇ ಹೆಡ್‌ಫೋನ್ ಇದೆಯೆಂದು ಗೊತ್ತಿತ್ತು, ಅಂಗಳದಲ್ಲಿ ಹಾಕಿಕೊಂಡು ಓದುತ್ತಿದ್ದುದನ್ನು ನೋಡಿದ್ದಳು. ತಲೆಯ ಮೇಲೆ ಅದು ಇದ್ದರೆ ಮಂದಿ ಹುಡುಗಿಯದೇ ತಪ್ಪು ಅನ್ನುತ್ತಾರೆ, ಮಗ ಉಳಿಯುತ್ತಾನೆ. ಅಷ್ಟೇ ಅವಳ ತಲೆಗೆ ಹೊಳೆದದ್ದು. ಹೊಲಿದ ಬಟ್ಟೆಯನ್ನು ಹಲ್ಲಿನಿಂದ ಕಿತ್ತು, ಹೆಡ್‌ಫೋನನ್ನು ಹುಡುಗಿಯ ತಲೆಗೆ ಹಾಕಿ ಮನೆಗೆ ಬಂದಳು.

“ಆಕೀದ ಕೆಟ್ಟೈತಿ ಅಂತ ನನಗೇನ ಗೊತ್ತರಿ?” ಎಂದಳು.

ಅವಳ ಅಭಿಪ್ರಾಯದಿಂದ ಎರಡು ಸಾಲು ಮೇಲೆಯೇ ಅದು ಬರೆದಿತ್ತು. ಬಲಗಿವಿ ಬಂದ್ ಬಿದ್ದೈತಿ, ವಾಪಸ್ ತಗೋರಿ. ಜಗತ್ತೆಲ್ಲ ಓದಬಹುದಾಗಿದ್ದ ಮಾತು. ಸಕೀನಾಬಿಗೆ ಓದಲು ಬರುವುದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಅದನ್ನು ಮುಚ್ಚಿಡುವುದಿಲ್ಲ.

“ಏನ ಮಾಡಿದ್ರಿ ಖಾಲಾ ಇದು! ಸುಮ್ಮನ ಮನ್ಯಾಗ ಕುಂತಿದ್ರ ಅದು ಅಪಘಾತ ಅಂತ ಮುಗದ ಹೋಗತಿತ್ತು. ಇಷ್ಟೊತ್ತಿಗೆ ಅಂವಗ ಬೇಲ್ ಸಿಗತಿತ್ತು. ನೀವ ನಿಮ್ಮ ಕೈಯಾರ ಮಗನ್ನ ಕೊಲೆಗಾರ ಮಾಡಿ ಇಟ್ರಲ್ಲಾ!”

ಅವಳು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ನನಗೇ ನಾಚಿಕೆಯಾಗಿ ಬಾಯಿ ಮುಚ್ಚಿದೆ.

“ಸಾದಿಕಗ ಗೊತ್ತೈತೇನು?”

“ಪೊಲೀಸ್ರು ಅದರ ಫೋಟೋ ತೋರಿಸಿದ ದಿನಾನ ಗೊತ್ತಾಗಿರಬೇಕ್ರಿ. ನನ್ನ ಹೊಲಿಗಿ ಅಂವಗ ಗುರ್ತ ಸಿಗದಿದ್ರ ಯಾರಿಗ ಸಿಗಬೇಕು? ಅದಕ್ಕ ಬಾಯಿ ಬಿಡವಲ್ಲ. ಅಮ್ಮಿ ಒಳಗ ಹೋಗಬಾರದಂತ ತಾ ಹೊಂಟಾನ.”

ಜೈಲಿನ ಗೋಡೆಯ ಕಡೆ ತಿರುಗಿದ ಅವನ ಮುಖ ನೆನಪಾಯಿತು. ಎಂಟು ದಿನ ಅವನನ್ನು ಮೊಂಡನೆಂದು ಬೈದಿದ್ದೆ.

ಕೂತಲ್ಲೇ ಯೋಚನೆ ಮಾಡಿದೆ. ಇವಳು ಕೋರ್ಟಿನಲ್ಲಿ ಇದನ್ನು ಹೇಳಿದರೆ ಸಾಕ್ಷ್ಯ ತಿರುಚಿದ ಆರೋಪ ಇವಳ ತಲೆಗೆ ಬರುತ್ತದೆ, ಇವಳೂ ಒಳಗೆ ಹೋಗಬಹುದು. ಆದರೆ ಹೆಡ್‌ಫೋನ್ ಹಾಕಿದ್ದು ಸಾದಿಕನಲ್ಲ ಎಂದಾಗುತ್ತದೆ. ಪೊಲೀಸರ ಲೆಕ್ಕದ ಅರ್ಧ ಬಿದ್ದುಹೋಗುತ್ತದೆ. ಉಳಿದರ್ಧ ಉಳಿಯುತ್ತದೆ. ಬೇಕಂತಲೇ ಹಾಯಿಸಿದನೋ ಇಲ್ಲವೋ ಎಂಬುದಕ್ಕೆ ಮಂಜು ಒಂದೇ ಸಾಕ್ಷಿ. ಮಗನನ್ನು ಉಳಿಸಲು ತಾಯಿ ಕಥೆ ಕಟ್ಟಿದ್ದಾಳೆ ಎಂದು ಸರ್ಕಾರಿ ವಕೀಲರು ಎದ್ದು ನಿಂತು ಹೇಳುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆದರೂ ಬೇರೆ ದಾರಿ ಇರಲಿಲ್ಲ. ಬ್ಯಾಗಿನಿಂದ ಕಾಗದ ತೆಗೆದೆ.

“ನಾಡದ ಕೋರ್ಟಿಗೆ ಬರ್ತೀರೇನು?”

“ಬರ್ತೀನ್ರಿ.”

“ನಿಮ್ಮನ್ನ ಒಳಗ ಹಾಕಬಹುದು.”

“ಹಾಕ್ಲಿ. ಅಂವಗ ಬಿಡ್ಲಿ.”

“ಹಂಗಾರ ಮೊದಲಿಂದ ಹೇಳ್ರಿ. ನಾ ಬರಕೋತೀನಿ. ಒಂದ ಮಾತ ಸೈತ ಬಿಡಬ್ಯಾಡ್ರಿ. ನೀವು ಹ್ವಾದಾಗ ಆಕಿ ಹೆಂಗ ಬಿದ್ದಿದ್ದಳು?”

“ಅಂಗಾತ. ಕೈ ಎರಡೂ ಎದೀಮ್ಯಾಲ.”

ಬರೆದುಕೊಂಡೆ. ಮುಂದಿನ ಸಾಲಿಗೆ ಪೆನ್ನು ಇಟ್ಟವಳು ನಿಲ್ಲಿಸಿದೆ. ಗಾಲಿ ಹಾಯ್ದ ಮನುಷ್ಯರು ಕೈ ಎದೆಯ ಮೇಲೆ ಜೋಡಿಸಿಕೊಂಡು ಬೀಳುವುದಿಲ್ಲ.

“ಎದೀಮ್ಯಾಲ? ನೀವ ಇಟ್ರೇನು?”

“ನಾ ಇಟ್ಟಿಲ್ರಿ.”

“ರಕ್ತ?”

“ಇರಲಿಲ್ರಿ.”

ಸಕೀನಾಬಿಯ ಕೈ ಕೌದಿಯ ಅಂಚನ್ನು ಹಿಂಡುತ್ತಿತ್ತು. ಅಷ್ಟು ಹೊತ್ತು ಒಣಗಿದ್ದ ಅವಳ ಕಣ್ಣಲ್ಲಿ ಈಗ ನೀರು ಬಂದಿತ್ತು.

“ಖಾಲಾ, ಇನ್ನೇನೋ ಐತಿ. ಹೇಳ್ರಿ.”

“ಅದನ್ನ ಆಕಿ ತಲೀಗೆ ಹಾಕೂಮುಂದ ಕಿವ್ಯಾಗ ಹತ್ತಿ ಇತ್ರಿ.”

“ಯಾವ ಹತ್ತಿ?”

“ಹೆಣಕ್ಕ ಇಡತೀವಲ್ರಿ, ಹಂಗ. ಎರಡೂ ಕಿವ್ಯಾಗ, ಮೂಗಿನ್ಯಾಗ. ಛಂದಂಗ ಬತ್ತಿ ಮಾಡಿ ಇಟ್ಟಿದ್ರು. ದವಡಿ ಬಿಗದಿತ್ತು. ಕೈ ಎತ್ತಾಕ ಹ್ವಾದ್ರ ಮಣೀಲಿಲ್ಲ. ನಲವತ್ತ ವರ್ಷ ಹೆಣಕ್ಕ ನೀರ ಹಾಕೀನಿ ಬಾಯಾರ. ಆ ಮೈ ಆಗ ಸತ್ತದ್ದಲ್ಲ. ಸಾದಿಕನ ಗಾಡಿ ಬರೂಕಿಂತ ಭಾಳ ತಾಸು ಮೊದಲ ಸತ್ತಿತ್ತು.”

ಸಾದಿಕ ಯಾರನ್ನೂ ಕೊಂದಿರಲಿಲ್ಲ. ಯಾರೋ ಅವಳನ್ನು ಕೊಂದು, ಹೆಣಕ್ಕೆ ಮಾಡಬೇಕಾದ್ದನ್ನೆಲ್ಲ ಮಾಡಿ, ಮಂಜಿನಲ್ಲಿ ತಂದು ರಸ್ತೆಯ ಮೇಲೆ ಮಲಗಿಸಿದ್ದರು. ಅದರ ಗುರುತುಗಳನ್ನು ಕಣ್ಣಾರೆ ಕಂಡ ಒಬ್ಬಳೇ ಒಬ್ಬಳು ನನ್ನೆದುರು ಕೂತಿದ್ದಳು.

“ಒಂಬತ್ತ ದಿನಾ ಬಾಯಿ ಮುಚ್ಚಕೊಂಡ ಕುಂತೀರಲ್ಲಾ! ಯಾಕ?”

“ಹೆಣ ಮುಟ್ಟಾಕ ಅಂಜದಾಕಿ ಊರಾಗ ನಾ ಒಬ್ಬಾಕಿ. ಹತ್ತಿ ಕಂಡ್ರ ಮಂದಿ ಮೊದಲ ನನ್ನ ಹೆಸರ ತಗೀತಿದ್ರು. ತಾಯಿ ಮಗಾ ಕೂಡಿ ಕೊಂದಾರ ಅಂತಿದ್ರು. ಅದಕ್ಕ ತಗದೆ.”

“ತಗದ್ರಿ. ಆತು. ಆ ಹತ್ತಿ ಎಲ್ಲೈತಿ? ಕೊಡ್ರಿ ನನಗ. ಶವಪರೀಕ್ಷೆ ವರದಿ ಬರೂತನಾ ಕಾಯೂದ ಬ್ಯಾಡ, ಅದೊಂದ ಸಿಕ್ಕರ ಸಾದಿಕ ನಾಡದ ಮನೀಗೆ ಬರ್ತಾನ.”

ಸಕೀನಾಬಿ ನನ್ನ ಮುಖ ನೋಡಿದಳು. ನಾನು ಹೇಳಿದ್ದು ಅವಳಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

“ಒಲ್ಯಾಗ ಹಾಕಿದ್ನಲ್ರಿ,” ಎಂದಳು. “ಮಗಾ ಉಳೀಲಿ ಅಂತ ಅವತ್ತ ಸುಟ್ಟ ಬಿಟ್ಟೆ.”